ನಮ್ಮಣ್ಣನ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ

ನನ್ನ ರೋಗ ಮೊದಲು ಹಿಡಿದದ್ದು ಕೈಯನ್ನಲ್ಲ, ಮೂಗನ್ನು. ಹುಮನಾಬಾದಿನಲ್ಲಿ ಗಾಳಿ ತಿರುಗಿತೆಂದರೆ ಕೆಮಿಕಲ್ ಕಂಪನಿಗಳ ಕಡೆಯಿಂದ ಒಂದು ವಾಸನೆ ಬರುತ್ತದೆ. ಹೆಂಗಸರು ಮೂಗಿಗೆ ಸೆರಗು ಹಿಡಿದು, ಕಿಟಕಿ ಮುಚ್ಚಿ, ಒಣಹಾಕಿದ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ಒಂದು ಸಂಜೆ ಓಣಿಯವರೆಲ್ಲ ಹೀಗೆ ಗಡಿಬಿಡಿ ಮಾಡುತ್ತಿದ್ದಾಗ ನಾನೊಬ್ಬಳೇ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದೆ. ನಿಮಗೆ ವಾಸನೆ ಬರುವುದಿಲ್ಲವೇ ಎಂದು ಪಕ್ಕದ ಮನೆಯವಳು ಕೇಳಿದಳು. ಬರುತ್ತಿರಲಿಲ್ಲ. ಹುಮನಾಬಾದಿನವರಿಗೆಲ್ಲ ಕೊಡಬೇಕಾದ ವರವನ್ನು ದೇವರು ನನಗೊಬ್ಬಳಿಗೇ ಕೊಟ್ಟ ಎಂದು ನಕ್ಕುಬಿಟ್ಟೆ.

ಹೀಗೆ ನಗುನಗುತ್ತ ಶುರುವಾದದ್ದು ಕಂಪವಾತ ಎಂದು ಗೊತ್ತಾಗುವ ಹೊತ್ತಿಗೆ ನನ್ನ ಬಲಗೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಡಾಕ್ಟರು ಪಾರ್ಕಿನ್ಸನ್ ಎನ್ನುತ್ತಾರೆ. ಅದು ಯಾಕೆ ಬರುತ್ತದೆ, ತಲೆಯೊಳಗೆ ಏನಾಗುತ್ತದೆ ಎಂದು ನನ್ನನ್ನು ಕೇಳಬೇಡಿ, ಹೇಳುವವರು ಬೇರೆ ಇದ್ದಾರೆ. ದವಾಖಾನೆಯ ಬೆಂಚಿನ ಮೇಲೆ ಕೂತು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿಕೊಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸುವವರು ಇರುತ್ತೀರಲ್ಲ, ನಿಮ್ಮ ಪಕ್ಕದಲ್ಲಿ ಸ್ವಲ್ಪ ಸರಿದು ಕೂತವಳು ನಾನು ಅಂದುಕೊಳ್ಳಿ. ನನಗೀಗ ಬರೆಯಲು ಆಗುವುದಿಲ್ಲ. ನಾನು ಹೇಳುತ್ತೇನೆ, ಮಗಳು ಸವಿತಾ ಬರೆದುಕೊಳ್ಳುತ್ತಾಳೆ. ನಡುನಡುವೆ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಾಳೆ. ಹೋಗಿ ಬರಲಿ.

ನಾನು ಅಂಗನವಾಡಿ ಟೀಚರಾಗಿದ್ದವಳು. ಬೋರ್ಡಿನ ಮೇಲೆ ನನ್ನ ಅಕ್ಷರ ದೊಡ್ಡದು, ದುಂಡಗಿನದು ಎಂದು ನನಗೆ ಸ್ವಲ್ಪ ಜಂಭವೂ ಇತ್ತು. ಅದು ಬರಬರುತ್ತ ಸಣ್ಣದಾಯಿತು. ಸಾಲಿನ ಮೊದಲಿಗೆ ಅವರೆಕಾಳಿನಷ್ಟಿದ್ದ ಅಕ್ಷರ ಕೊನೆಗೆ ಸಾಸಿವೆಯಾಗುತ್ತಿತ್ತು. ಮಕ್ಕಳು 'ಟೀಚರ್, ಕಾಣಾಂಗಿಲ್ಲ' ಎಂದರೆ, ಕಣ್ಣು ತೊಳೆದುಕೊಂಡು ಬನ್ನಿ ಎಂದು ಗದರಿಸುತ್ತಿದ್ದೆ. ಆಮೇಲೆ ಉಪ್ಪಿಟ್ಟು ಬಡಿಸುವ ಕೈ ನಡುಗತೊಡಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಊರ ಮಂದಿಗೆಲ್ಲ ಹೇಳಿದವಳು ನಾನು. ಈಗ ಅದು ದಿನವೂ ನನ್ನ ತಾಟಿನಲ್ಲೇ ನಡೆಯುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ನನ್ನ ಗಂಡ ವೈಜನಾಥ ಕಂಪನಿಯಲ್ಲಿ ಫಿಟ್ಟರ್. ಒಳ್ಳೆಯ ಮನುಷ್ಯ, ಆದರೆ ಮಂದಿ ಏನಂದಾರು ಎಂಬ ಮಾತು ಅವರ ಜೊತೆಗೇ ಹುಟ್ಟಿದ್ದು. ರಕ್ತ ಕಡಿಮೆಯಾಗಿದೆ, ಚಹಾ ಬಿಡು, ಬೀಟ್‌ರೂಟ್ ತಿನ್ನು ಎಂದರು. ಬೀಟ್‌ರೂಟ್ ತಿಂದು ತಿಂದು ನನ್ನ ನಾಲಿಗೆ ಕೆಂಪಾಯಿತು, ಕೈ ನಡುಗುತ್ತಲೇ ಇತ್ತು. ಕೊನೆಗೆ ನನ್ನನ್ನು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದವನು ನಮ್ಮಣ್ಣ ಮಾಣಿಕ.

ಅಣ್ಣನ ಬಗ್ಗೆ ಹೇಳಬೇಕು. ಅವನಿಲ್ಲದೆ ನನ್ನ ರೋಗದ ಕಥೆಯಿಲ್ಲ. ಅವನು ನನಗಿಂತ ಬಹಳ ದೊಡ್ಡವನು, ಬಸವಕಲ್ಯಾಣದ ನಮ್ಮ ತವರುಮನೆಯಲ್ಲೇ ಇದ್ದವನು. ನಮ್ಮಪ್ಪ ಕುರಿ ಕಾಯ್ದ, ಅಣ್ಣನಿಗೆ ಅದು ಸೇರಲಿಲ್ಲ. ಹರೆಯದಲ್ಲಿ ಸೈಕಲ್ ಆಟದವರ ಜೊತೆ ಹೋದ. ಈಗಿನ ಮಕ್ಕಳಿಗೆ ಆ ಆಟ ಗೊತ್ತಿಲ್ಲ. ಊರ ಬಯಲಿನಲ್ಲಿ ಒಂದು ಕಂಬ ನೆಟ್ಟು, ಮೈಕಿನಲ್ಲಿ ಹಾಡು ಹಚ್ಚುತ್ತಿದ್ದರು. ಒಬ್ಬ ಮನುಷ್ಯ ಹಗಲೂ ರಾತ್ರಿ ಸೈಕಲ್ಲಿನಿಂದ ಇಳಿಯದೆ ಆ ಕಂಬದ ಸುತ್ತ ಸುತ್ತಬೇಕು. ಊಟ ಅದರ ಮೇಲೆ, ಜಳಕ ಅದರ ಮೇಲೆ, ಗಡ್ಡ ಕೆರೆದುಕೊಳ್ಳುವುದೂ ಅದರ ಮೇಲೆ. ರಾಜೇಶ್ವರದಿಂದ ಹುಲಸೂರಿನವರೆಗೆ ಅಣ್ಣ ಆಡದ ಊರಿರಲಿಲ್ಲ. ನಾನು ಲಂಗ ಎತ್ತಿಕೊಂಡು ಅವನ ಪಕ್ಕದಲ್ಲಿ ಓಡುತ್ತ ಚಹಾದ ಬಟ್ಟಲು ಕೊಡುತ್ತಿದ್ದೆ. ಅವನು ಚಹಾ ಕುಡಿದು, ನನ್ನನ್ನು ಒಂದೇ ಕೈಯಲ್ಲಿ ಎತ್ತಿ ಮುಂದಿನ ಡಂಡಿಗೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ.

ಆ ಸೈಕಲ್ಲು ಸಾದಾ ಸೈಕಲ್ಲಲ್ಲ. ಹಿಂದಿನ ಚಕ್ರದ ಫ್ರೀವೀಲನ್ನು ವೆಲ್ಡಿಂಗ್ ಮಾಡಿಸಿ ಗಟ್ಟಿ ಮಾಡಿದ್ದರು. ನಿಮ್ಮ ಮನೆಯ ಸೈಕಲ್ಲಿನಲ್ಲಿ ಕಾಲು ನಿಲ್ಲಿಸಿದರೂ ಚಕ್ರ ತನ್ನ ಪಾಡಿಗೆ ಓಡುತ್ತದೆ. ಇದರಲ್ಲಿ ಹಾಗಿಲ್ಲ. ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತದೆ, ಪೆಡಲಿನ ಜೊತೆ ಕಾಲೂ ತಿರುಗುತ್ತದೆ. ಹಿಂದಕ್ಕೆ ತುಳಿದರೆ ಸೈಕಲ್ಲೇ ಹಿಂದಕ್ಕೆ ಬರುತ್ತದೆ. ಬ್ರೇಕ್ ಎಂಬುದೇ ಇಲ್ಲ. ನಿಲ್ಲಬೇಕೆಂದರೆ ಮೇಲೇಳುವ ಪೆಡಲನ್ನು ಕಾಲಿನಿಂದ ಒತ್ತಿ ತಡೆಯಬೇಕು. ಆಟ ನಿಂತುಹೋದ ಮೇಲೂ ಅಣ್ಣ ಅದನ್ನು ಬಿಡಲಿಲ್ಲ. ಪೇಟೆಗೂ ಅದೇ, ಹೊಲಕ್ಕೂ ಅದೇ, ನನ್ನನ್ನು ನೋಡಲು ಹುಮನಾಬಾದಿಗೆ ಬರುವಾಗ ಹೈವೇಯ ಮೇಲೂ ಅದೇ.

ಸೊಲ್ಲಾಪುರದ ಆ ದವಾಖಾನೆಯ ನೆಲ ಕನ್ನಡಿಯ ಹಾಗಿತ್ತು. ನನ್ನ ಹೆಸರು ಕೂಗಿದರು. ಎದ್ದು ಬಾಗಿಲವರೆಗೆ ಹೋದೆ, ಅಷ್ಟೇ. ಪಾದ ಎರಡೂ ನೆಲಕ್ಕೆ ಅಂಟಿಕೊಂಡವು. ಎತ್ತು ಎಂದರೆ ಎತ್ತಲಾರವು. ಈ ರೋಗದವರಿಗೆ ಇದು ಗೊತ್ತಿರುತ್ತದೆ, ಉಳಿದವರಿಗೆ ಹೇಗೆ ಹೇಳುವುದೋ ತಿಳಿಯದು. ಹಿಂದಿನವರು ಸರಿಯಿರಿ, ಜಲ್ದಿ ನಡೆಯಿರಿ, ಹೊತ್ತಾಯಿತು ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಕನ್ನಡದಲ್ಲೂ ಬೈಯತೊಡಗಿದರು. ಬೈಗುಳ ಹೆಚ್ಚಿದಷ್ಟೂ ನನ್ನ ಕಾಲು ಇನ್ನಷ್ಟು ಬಿಗಿಯಿತು. ಅಣ್ಣನಿಗೆ ಏನು ತೋಚಿತೋ, ಚಪ್ಪಲಿ ಬಿಟ್ಟು ತನ್ನ ಕಾಲನ್ನು ನನ್ನ ಪಾದದ ಮುಂದೆ ಅಡ್ಡ ಇಟ್ಟ.

'ನನ್ನ ಕಾಲ ದಾಟು, ಜಗು.'

ನಮ್ಮಲ್ಲಿ ದೊಡ್ಡವರ ಕಾಲು ದಾಟುವುದುಂಟೇ! ತಪ್ಪಿ ದಾಟಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಬೇಡ ಎನ್ನುವಷ್ಟರಲ್ಲಿ ನನ್ನ ಕಾಲು ತಾನೇ ಎದ್ದು ಅವನ ಕಾಲಿನ ಆಚೆ ಹೋಗಿ ಬಿತ್ತು. ಬರೀ ನೆಲದ ಮೇಲೆ ನಡೆಯಲಾರದ ಕಾಲು, ಅಡ್ಡ ಏನಾದರೂ ಇದ್ದರೆ ದಾಟುತ್ತದೆ. ಅಣ್ಣ ಮತ್ತೆ ಮುಂದೆ ಬಂದು ಕಾಲಿಟ್ಟ, ನಾನು ಮತ್ತೆ ದಾಟಿದೆ. ಹಾಗೆಯೇ ಡಾಕ್ಟರ ಮೇಜಿನವರೆಗೆ ಹೋದೆವು. ಬಗ್ಗಿ ಅವನ ಪಾದ ಮುಟ್ಟಲು ನನಗೆ ಆಗುತ್ತಿರಲಿಲ್ಲ. ಹೆಜ್ಜೆಗೊಮ್ಮೆ ಕೈ ಮುಗಿಯುತ್ತ ಹೋದೆ. ನೋಡಿದವರು ಹುಚ್ಚಿ ಅಂದುಕೊಂಡಿರಬೇಕು.

ಡಾಕ್ಟರು ನನಗೆ ಬೆರಳು ಕುಣಿಸಲು ಹೇಳಿದರು, ಕೈ ತಿರುಗಿಸಲು ಹೇಳಿದರು, ನಡೆಸಿ ನೋಡಿದರು, ಆಮೇಲೆ ರೋಗದ ಹೆಸರು ಹೇಳಿದರು. ಬರೋಬರ್ ಆಗುತ್ತದಲ್ಲ ಸಾಹೇಬರೇ ಎಂದು ಅಣ್ಣ ಕೇಳಿದ. ಆಗುವುದಿಲ್ಲ, ಗುಳಿಗೆಯಿಂದ ಹಿಡಿದಿಡಬಹುದು ಎಂದರು. ಅಣ್ಣ ಅದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳಿದ, ಅವರು ಅದೇ ಉತ್ತರವನ್ನು ಇನ್ನೊಂದು ರೀತಿಯಲ್ಲಿ ಹೇಳಿದರು. ಹೊರಗೆ ಬಂದು ನನಗೆ ಚಹಾ ತರುತ್ತೇನೆಂದು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಕ್ಯಾಂಟೀನಿನ ಕಂಬದ ಹಿಂದೆ ನಿಂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಾನು ಅಳಲಿಲ್ಲ. ಅವನ ಬೆನ್ನು ನೋಡುತ್ತ ಕೂತಿದ್ದೆ, ಆ ಬೆನ್ನು ಅಷ್ಟು ಸಣ್ಣದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಯಲ್ಲಿ ನನ್ನವರು ಸುದ್ದಿ ಕೇಳಿ ಎದ್ದು ಬೀದಿಬಾಗಿಲು ಮುಚ್ಚಿದರು. ಆಮೇಲೆ, ಇನ್ನು ಓಣಿಯಲ್ಲಿ ಬಹಳ ತಿರುಗಬೇಡ ಎಂದರು. ಅದು ನನ್ನ ಮೇಲಿನ ಕಾಳಜಿಯೋ ತಮ್ಮ ಮರ್ಯಾದೆಯ ಕಾಳಜಿಯೋ, ನಾನು ಕೇಳಲಿಲ್ಲ. ಒಂದು ದಿನ ಹಿತ್ತಲಿಗೆ ಹೋಗುವಾಗ ನಡುಮನೆಯಲ್ಲಿ ಕಾಲು ಅಂಟಿಕೊಂಡಿತು. ಅಣ್ಣನ ಹಾಗೆ ಕಾಲು ಅಡ್ಡ ಇಡಿ ಎಂದು ಕೇಳಿದೆ. ಹೊರಗೆ ನೆಂಟರು ಕೂತಿದ್ದರು. ಹೆಂಡತಿ ಗಂಡನ ಕಾಲು ದಾಟುವುದನ್ನು ನೋಡಿದರೆ ಮಂದಿ ಏನಂದಾರು ಎಂದು ಅವರು ಒಂದು ಕಟ್ಟಿಗೆ ತುಂಡು ತಂದು ನನ್ನ ಮುಂದೆ ಹಾಕಿದರು. ದಾಟಿದೆ. ಕಟ್ಟಿಗೆಯಿಂದಲೂ ಕೆಲಸವಾಗುತ್ತದೆ, ಸುಳ್ಳು ಹೇಳಬಾರದು. ಆದರೆ ಕಟ್ಟಿಗೆ ದಾಟಿ ಹೋಗಿ ಹಿತ್ತಲಿನಲ್ಲಿ ಅತ್ತೆ.

ನಾಗರ ಪಂಚಮಿಗೆ ಅಣ್ಣ ತವರಿಗೆ ಕರೆಯಲು ಬಂದ. ಬಸವಕಲ್ಯಾಣಕ್ಕೆ ಹೋದ ಮೇಲೆ ಒಂದು ಮುಂಜಾನೆ ಅಂಗಳದಲ್ಲಿ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದೆ, ಬೀಳಬಾರದೆಂದು, ಅಷ್ಟೇ. ಅವನು ನನ್ನನ್ನೂ ಸೈಕಲ್ಲನ್ನೂ ನೋಡಿ, ಹತ್ತುತ್ತೀಯಾ ಎಂದ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಲೆಯ ಮುಂದಿನಿಂದಲೇ ಬೈದಳು: ನಡೆಯಲಾರದವಳನ್ನು ಸೈಕಲ್ ಹತ್ತಿಸುತ್ತೀರಾ, ತಲೆ ನೆಟ್ಟಗಿದೆಯೇ ನಿಮಗೆ ಎಂದು. ಅಣ್ಣ ಸೈಕಲ್ಲನ್ನು ನೆಲದ ಕಡೆಗೆ ವಾಲಿಸಿದ. ಅದರ ಡಂಡಿಗೆ ನನ್ನ ಕಾಲಿನ ಮುಂದೆ ಅಡ್ಡ ಬಂತು. ನಾನು ದಾಟಿದೆ. ಅವನು ನನ್ನ ಸಮೇತ ಅದನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಸೀಟು ಹಿಡಿದು ಕೋಟೆಯ ಕಡೆಯ ಬಯಲಿಗೆ ತಳ್ಳಿದ.

ಹೇಗೆ ಹೇಳಲಿ? ನನ್ನ ಕಾಲು ತಿರುಗಿದವು! ಪೆಡಲು ಕಾಲನ್ನು ಎಳೆದುಕೊಂಡು ಹೋಯಿತು. ಒಂದು ಸುತ್ತು ಅದು ನನ್ನನ್ನು ತಿರುಗಿಸಿತು, ಮುಂದಿನ ಸುತ್ತು ನಾನು ಅದನ್ನು ತಿರುಗಿಸಿದೆ. ಹೆಜ್ಜೆಹೆಜ್ಜೆಗೂ ಬೇಡಿಕೊಳ್ಳಬೇಕಾದ ಕಾಲು ಬೇಡದೆಯೇ ಓಡುತ್ತಿತ್ತು. ಮುಖಕ್ಕೆ ಗಾಳಿ ಬಡಿಯಿತು. ಸಣ್ಣವಳಿದ್ದಾಗ ಡಂಡಿಗೆಯ ಮೇಲೆ ಕೂತು ಕಿರುಚುತ್ತಿದ್ದ ಹಾಗೆಯೇ ಕಿರುಚಿದೆ. ಹಿಂದೆ ಅಣ್ಣ ನಗುತ್ತ, ಏದುಸಿರು ಬಿಡುತ್ತ ಓಡುತ್ತಿದ್ದ. ಬಿಟ್ಟೀಯಾ ಎಂದರೆ, ಬಿಡುವುದಿಲ್ಲ ಎನ್ನುತ್ತಿದ್ದ. ಆ ದಿನ ನನಗೆ ರೋಗವಿರಲಿಲ್ಲ.

ಆಮೇಲೆ ಜಗಳ ಶುರುವಾಯಿತು. ಅಣ್ಣ ರವಿವಾರಕ್ಕೊಮ್ಮೆ ಆ ಸೈಕಲ್ ತುಳಿದುಕೊಂಡು ಹುಮನಾಬಾದಿಗೆ ಬರುತ್ತಿದ್ದ. ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ ಹಿಂದೆ, ಕಾಳು ಒಣಹಾಕುವ ಸಿಮೆಂಟು ಅಂಗಳ ಅಂದು ಖಾಲಿ ಇರುತ್ತದೆ. ನಾನು ಸವಿತಾಳ ಚೂಡಿದಾರ ತೊಟ್ಟು ಅಲ್ಲಿ ಸುತ್ತು ಹಾಕುತ್ತಿದ್ದೆ. ಈ ವಯಸ್ಸಿನಲ್ಲಿ ಚೂಡಿದಾರವೇ ಎಂದು ನಕ್ಕವರಿಗೆ, ನಿಮಗೂ ಒಂದು ಹೊಲಿಸಿಕೊಡಲೇ ಎನ್ನುತ್ತಿದ್ದೆ. ನನ್ನವರ ಚಿಂತೆ ಚೂಡಿದಾರದ್ದಾಗಿರಲಿಲ್ಲ, ಬ್ರೇಕಿನದು. ದಿನವೂ ಮಶೀನಿನ ಜೊತೆ ಇರುವ ಮನುಷ್ಯ ಅವರು.

'ಮಾಣಿಕಣ್ಣ, ಯಾವ ಮಶೀನಿಗಾದ್ರೂ ನಿಲ್ಲಸೂ ಸ್ವಿಚ್ ಇರ್ತದ. ಬ್ರೇಕಿಲ್ಲದ ಸೈಕಲ್ ತಗೊಂಡು ನೀವು ಹೈವೇ ಮ್ಯಾಲ ಬರ್ತೀರಿ, ಅದರ ಮ್ಯಾಲ ಇಕಿನ್ನೂ ಕೂಡಸ್ತೀರಿ. ಒಂದಿನ ಅದು ಯಾರನ್ನರೆ ಕೊಲ್ತದ ನೋಡ್ರಿ.'

'ಕಾಲೇ ಬ್ರೇಕ್ ಅದಾವ್ರಿ ವೈಜನಾಥ್ರ. ವೈರ್ ಹರೀತದ, ರಬ್ಬರ್ ಸವೀತದ. ಕಾಲ ಎಲ್ಲಿ ಹೋಗ್ತಾವ?'

ಹೇಳಿದ ಮೇಲೆ ಅಣ್ಣ ನನ್ನ ಕಾಲು ನೋಡಿದ.

ಮುಂದಿನ ಸಲ ಸೊಲ್ಲಾಪುರಕ್ಕೆ ಹೋದಾಗ ಡಾಕ್ಟರಿಗೇ ಹೇಳಿದೆವು. ಅವರಿಗೆ ಬಹಳ ಆಶ್ಚರ್ಯವೇನೂ ಆಗಲಿಲ್ಲ. ನಡೆಯಲಾರದ ಇಂಥವರು ಕೆಲವರು ಸೈಕಲ್ ತುಳಿಯುವುದುಂಟು ಎಂದರು. ತುಳಿಯಲಿ, ಆದರೆ ಬಯಲಿನಲ್ಲಿ, ಪಕ್ಕದಲ್ಲಿ ಒಬ್ಬರಿರಲಿ, ಸೈಕಲ್ಲಿಗೆ ಬ್ರೇಕ್ ಇರಲಿ ಎಂದರು. ಹುಟ್ಟಿದಾಗಿನಿಂದ ಯಾರ ಮಾತಿಗೂ ಬ್ರೇಕ್ ಹಚ್ಚದ ಅಣ್ಣ ಡಾಕ್ಟರ ಮಾತಿಗೆ ಹಚ್ಚಿದ. ಮುಂದಿನ ಚಕ್ರಕ್ಕೆ ಹೊಸ ಬ್ರೇಕು, ಹ್ಯಾಂಡಲಿನ ಬಲಗಡೆಗೆ ಹೊಳೆಯುವ ಹಿಡಿಕೆ. ಹಚ್ಚಿಸಿಕೊಂಡು ಬಂದವನ ಮುಖ ಮೀಸೆ ಬೋಳಿಸಿಕೊಂಡವನ ಹಾಗಿತ್ತು. ನನ್ನವರು ಮಾತ್ರ ಎರಡೆರಡು ಸಲ ಹಿಡಿದು ನೋಡಿ, ಈಗ ಸರಿಯಾಯಿತು ಎಂದರು.

ಆ ಬ್ರೇಕು ಒಂದೇ ಸಲ ಹಿಡಿದೆ. ಅಂಗಳದ ತುದಿಗೆ ಬಂದಾಗ ನಿಲ್ಲಿಸೋಣ ಎಂದು ಹಿಡಿಕೆಯನ್ನು ಒತ್ತಿದೆ. ಒತ್ತಿದ ಕೈ ಬಿಡಲಿಲ್ಲ. ಬಿಡು ಬಿಡು ಎಂದು ಅಣ್ಣ ಹಿಂದಿನಿಂದ ಕೂಗುತ್ತಿದ್ದಾನೆ, ನಾನೂ ನನ್ನ ಕೈಗೆ ಅದನ್ನೇ ಹೇಳುತ್ತಿದ್ದೇನೆ, ಕೈ ಮಾತ್ರ ಹಿಡಿದದ್ದನ್ನು ಹಿಡಿದೇ ಇದೆ. ಮುಂದಿನ ಚಕ್ರ ನಿಂತಿತು, ಹಿಂದಿನದು ಎದ್ದಿತು, ನಾನು ಸಿಮೆಂಟಿನ ಮೇಲೆ ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು. ಬಲಗೈಯನ್ನು ಹಿಡಿಕೆಯಿಂದ ಅಣ್ಣ ಬೆರಳು ಬೆರಳು ಬಿಡಿಸಬೇಕಾಯಿತು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ಮನೆಯಲ್ಲಿ ಒಲೆ ಹತ್ತಲಿಲ್ಲ. ಸೈಕಲ್ಲನ್ನೇ ಗುಜರಿಗೆ ಹಾಕಿ ಎಂದರು ನನ್ನವರು. ಬ್ರೇಕನ್ನು ತೆಗೆದುಹಾಕುತ್ತೇನೆ ಎಂದ ಅಣ್ಣ. ಇಬ್ಬರೂ ನನ್ನ ಮೇಲಿನ ಪ್ರೀತಿಗೇ ಹೊಡೆದಾಡುತ್ತಿದ್ದರು, ಇಬ್ಬರೂ ನನ್ನನ್ನು ಕೇಳಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ಗದರುವ ದನಿ ಇನ್ನೂ ಎಲ್ಲೋ ಉಳಿದಿತ್ತು, ಅದನ್ನು ಹೊರಗೆ ತೆಗೆದೆ.

'ನನಗ ನಡಿಯಾಕ ಬರಾಂಗಿಲ್ಲ. ಇದೊಂದು ಬರ್ತದ. ಇದನ್ನೂ ಕಸ್ಗೊಂಡ್ರ ನಾ ಏನ್ ಮಾಡ್ಲಿ, ಹೇಳ್ರಿ.'

ಅಣ್ಣ ಬ್ರೇಕು ಬಿಚ್ಚಿದ. ನನ್ನವರು ಮುಖ ತಿರುಗಿಸಿಕೊಂಡರು, ಗಂಜಿನ ಕಡೆ ಬರುವುದನ್ನೇ ಬಿಟ್ಟರು.

ಅಂದಿನಿಂದ ಅಣ್ಣನೇ ನನ್ನ ಬ್ರೇಕು. ಸೀಟಿನ ಹಿಂದೆ ಕೈಯಿಟ್ಟು ಓಡುತ್ತಿದ್ದ. 'ತಡಿ' ಎಂದರೆ ನಾನು ಪೆಡಲು ಮೇಲೇಳುವಾಗ ಕಾಲೊತ್ತಬೇಕು, 'ಬಿಡು' ಎಂದರೆ ಸಡಿಲಿಸಬೇಕು. ಒತ್ತಿದರೆ ವೇಗ ಕಡಿಮೆಯಾಗುತ್ತಿತ್ತು, ಪೂರ್ತಿ ನಿಲ್ಲುತ್ತಿರಲಿಲ್ಲ. ಕೊನೆಯ ಒಂದಿಷ್ಟನ್ನು ಅವನು ಸೀಟು ಹಿಡಿದು ಎಳೆದು ನಿಲ್ಲಿಸುತ್ತಿದ್ದ. ಒಂದು ದಿನ ನೀನೇ ನಿಲ್ಲಿಸುತ್ತೀ ಎನ್ನುತ್ತಿದ್ದ. ತಲೆ ಹಣ್ಣಾದ ಮನುಷ್ಯ ಹೀಗೆ ಓಡುವುದನ್ನು ನೋಡಿ, ಸಾಕು ಅಣ್ಣ, ಕೂಡು ಎಂದರೆ, ಕಂಬ ಸುತ್ತಿದವನಿಗೆ ಇದೇನು ಮಹಾ ಎಂದು ಎದೆ ಉಜ್ಜಿಕೊಂಡು ಮತ್ತೆ ಓಡುತ್ತಿದ್ದ. ಎದೆ ಉಜ್ಜಿಕೊಳ್ಳುತ್ತಿದ್ದ ಎಂಬುದು ಈಗ ನೆನಪಾಗುತ್ತದೆ. ಆಗ ಬೆವರು ಒರೆಸಿಕೊಳ್ಳುತ್ತಾನೆ ಅಂದುಕೊಂಡಿದ್ದೆ.

ಇದನ್ನು ಕೇಳಿದ ಕೆಲವರು, ಹಾಗಾದರೆ ಇಂಥ ಸೈಕಲ್ಲಿಗೆ ಬ್ರೇಕ್ ಬೇಕೋ ಬೇಡವೋ ಎಂದು ನನ್ನನ್ನು ಪಂಚಾಯ್ತಿಗೆ ಕೂರಿಸುತ್ತಾರೆ. ಬೇಕು. ರಸ್ತೆಗೆ ಹೋಗುವವರು ದಯವಿಟ್ಟು ಹಚ್ಚಿಸಿಕೊಳ್ಳಿ. ಎದುರಿಗೆ ಬರುವ ಲಾರಿಗೆ ನಿಮ್ಮ ಕಾಲಿನ ಕಸುವು ಗೊತ್ತಿರುವುದಿಲ್ಲ. ನನ್ನವರು ಹೇಳಿದ್ದೇ ಖರೆ, ಅಣ್ಣ ಹೇಳಿದ್ದು ಅಣ್ಣನ ಕಾಲಿಗೆ ಮಾತ್ರ ಖರೆ. ನನ್ನ ಕೈಗೆ ಮಾತ್ರ ಬ್ರೇಕು ಒಗ್ಗಲಿಲ್ಲ, ಅದಕ್ಕೆ ಬದಲಾಗಿ ಒಬ್ಬ ಮನುಷ್ಯ ಹಿಂದೆ ಓಡಬೇಕಾಯಿತು. ಎಲ್ಲರಿಗೂ ಅಂಥ ಅಣ್ಣ ಇರುವುದಿಲ್ಲ. ಇದ್ದರೂ ಎಷ್ಟು ದಿನ ಓಡುತ್ತಾನೆ?

ಒಂದು ರವಿವಾರ ಅವನು ಬರಲಿಲ್ಲ. ನಾನು ಚೂಡಿದಾರ ತೊಟ್ಟು ಕಟ್ಟೆಯ ಮೇಲೆ ಕೂತಿದ್ದೆ. ಫೋನು ನನ್ನವರಿಗೆ ಬಂತು. ಅವರು ಮಾತಾಡಿ ಮುಗಿಸಿ ನನ್ನ ಪಕ್ಕದಲ್ಲಿ ಬಂದು ಕೂತರು. ಅವರು ಓಣಿಗೆ ಕಾಣುವ ಹಾಗೆ ನನ್ನ ಪಕ್ಕದಲ್ಲಿ ಎಂದೂ ಕೂತವರಲ್ಲ. ಆಗಲೇ ತಿಳಿಯಿತು.

ನನ್ನ ಕಡೆಗೆ ಹೊರಡಲೆಂದು ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದನಂತೆ. ಹಿಂದಿನ ಚಕ್ರಕ್ಕೆ ಹಾಕಿ ಮುಗಿಸಿ, ಮುಂದಿನದಕ್ಕೆ ಹಾಕುತ್ತ ಹಾಕುತ್ತ ಪಂಪಿನ ಮೇಲೆಯೇ ಕುಸಿದ. ದವಾಖಾನೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ. ಜೀಪಿನಲ್ಲಿ ದಾರಿಯುದ್ದಕ್ಕೂ ನನ್ನವರು ಒಂದೇ ಮಾತಾಡಿದರು. ಆ ಸೈಕಲ್ಲು ಕೊಲ್ಲುತ್ತದೆ ಅಂದಿದ್ದೆ, ಅದು ಕೊಲ್ಲಲಿಲ್ಲ ಎಂದರು. ನಾನು ಹೊರಗೆ ನೋಡುತ್ತಿದ್ದೆ. ಅವನು ಬ್ರೇಕಿಲ್ಲದೆ ಬರುತ್ತಿದ್ದ ರಸ್ತೆಯಲ್ಲಿ ನಾವು ಎದುರು ದಿಕ್ಕಿಗೆ ಹೋಗುತ್ತಿದ್ದೆವು.

ತವರುಮನೆಯಲ್ಲಿ ಅವನನ್ನು ಜಳಕ ಮಾಡಿಸಿ, ಹಣೆಗೆ ಭಸ್ಮ ಹಚ್ಚಿ ಕೂರಿಸಿದ್ದರು. ನನ್ನನ್ನು ಎತ್ತಿ ತಂದು ಪಕ್ಕದಲ್ಲಿ ಕೂರಿಸಿದರು. ವೈನಿ ನನ್ನ ಮುಖ ನೋಡಿದ ಮೇಲೆ ಅವಳ ಬಾಯಿಂದ ಆ ಮಾತು ಬಂತು.

'ನಿನ್ನ ಸೈಕಲ್ ಹಿಂದ ಓಡಿ ಓಡಿ ಹ್ವಾದ ನೋಡು ನಿಮ್ಮಣ್ಣ.'

ಹೆಂಗಸರು ಅವಳ ಬಾಯಿ ಮುಚ್ಚಿಸಿದರು. ಮುಚ್ಚಿಸಬೇಕಾದ್ದೇನಿತ್ತು? ನಾನೂ ಅದನ್ನೇ ನನಗೆ ಹೇಳಿಕೊಳ್ಳುತ್ತಿದ್ದೆ. ಇಂದಿಗೂ ಹೇಳಿಕೊಳ್ಳುತ್ತೇನೆ. ಸೊಲ್ಲಾಪುರದ ಡಾಕ್ಟರನ್ನು ಆಮೇಲೆ ಕೇಳಿದೆ, ಎದೆಯ ರೋಗ ಒಳಗೆ ಮೊದಲೇ ಇದ್ದಿರಬೇಕು ಎಂದರು. ಅವರು ಒಳ್ಳೆಯವರು, ಬೇರೆ ಏನು ಹೇಳಿಯಾರು?

ಮಣ್ಣು ಮಾಡುವುದು ಊರ ಹೊರಗೆ, ನಮ್ಮಪ್ಪ ಕುರಿ ತರುಬುತ್ತಿದ್ದ ಹೊಲದಲ್ಲಿ. ಮಳೆಗಾಲ ಕಳೆದು ದಾರಿಯೆಲ್ಲ ಬಂಡಿಗಾಲಿಯ ಆಳವಾದ ಸಾಲು ಬಿದ್ದಿತ್ತು, ಜೀಪು ಹೋಗುವಂತಿರಲಿಲ್ಲ. ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಲು ಇಬ್ಬರು ಪ್ರಯತ್ನಿಸಿದರು. ಅದನ್ನು ವಾಲಿಸಲು ಬರುವುದಿಲ್ಲ, ನನ್ನ ಕಾಲು ಮೇಲೇಳಲಿಲ್ಲ, ಮೈ ಕೊರಡಿನ ಹಾಗೆ ಸೆಟೆಯಿತು. ಹಿರಿಯರೊಬ್ಬರು, ಆಕೆ ಇಲ್ಲೇ ಇರಲಿ, ಹೊತ್ತಾಯಿತು ಎಂದರು. ಎಲ್ಲರೂ ಹೌದೆಂದರು. ನನ್ನವರು ಚಟ್ಟಕ್ಕೆ ಹೆಗಲು ಕೊಟ್ಟಿದ್ದರು. ಭಜನೆಯ ತಾಳ ಓಣಿ ದಾಟಿ ಹೋಯಿತು. ನಾನು ಕಂಬ ಹಿಡಿದು ನಿಂತಿದ್ದೆ. ಅಣ್ಣನಿಗೆ ಒಂದು ಹಿಡಿ ಮಣ್ಣು ಕೊಡಲೂ ನನ್ನ ಕಾಲಿಗೆ ಆಗಲಿಲ್ಲವಲ್ಲ ಎಂದು ನನ್ನ ಕಾಲಿಗೆ ನಾನೇ ಹೊಡೆದುಕೊಂಡೆ.

ವೈನಿ ಎದ್ದಳು. ಕುಂಕುಮವಿಲ್ಲದ ಆ ಹಣೆಯನ್ನು ನನಗೆ ನೋಡಲಾಗಲಿಲ್ಲ. ಗೋಡೆಗೆ ಆನಿಸಿದ್ದ ಸೈಕಲ್ಲನ್ನು ಅವಳೇ ತಂದಳು. ನನ್ನ ಸೀರೆಯ ನಿರಿಗೆಯನ್ನು ಕಾಲ ನಡುವಿನಿಂದ ಹಿಂದಕ್ಕೆ ಎಳೆದು ಕಚ್ಚೆ ಹಾಕಿ ಸಿಕ್ಕಿಸಿದಳು. ಅಣ್ಣ ಮಾಡುತ್ತಿದ್ದ ಹಾಗೆಯೇ ಸೈಕಲ್ಲನ್ನು ನನ್ನ ಮುಂದೆ ವಾಲಿಸಿದಳು. ಬಯ್ಯುತ್ತ ಬಯ್ಯುತ್ತಲೇ ಎಲ್ಲವನ್ನೂ ನೋಡಿಕೊಂಡಿದ್ದಳು.

'ಹೋಗು. ನೀ ಬರೂತನ ನಿಮ್ಮಣ್ಣ ದಾರಿ ನೋಡ್ತಾನ.'

ಬಾಗಿಲಿನವರೆಗೆ ತಳ್ಳಿ ಕೈಬಿಟ್ಟಳು. ಮುಂದಿನ ಟೈರಿನಲ್ಲಿ ಅರ್ಧ ಗಾಳಿಯಿತ್ತು. ಅವನು ಹಾಕಿದಷ್ಟು. ಹ್ಯಾಂಡಲು ಭಾರವಾಗಿ ಅತ್ತಿತ್ತ ಎಳೆಯುತ್ತಿತ್ತು. ಸೀಟಿನ ಹಿಂದೆ ಯಾರ ಕೈಯೂ ಇರಲಿಲ್ಲ. ಸೀಟು ಅಷ್ಟು ಹಗುರವಾಗಿ ಇರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಪೆಡಲು ಕಾಲನ್ನು ಎಳೆದುಕೊಂಡು ಹೋಯಿತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಹೆಣದ ಹಿಂದೆ ಕಚ್ಚೆ ಹಾಕಿಕೊಂಡು ಸೈಕಲ್ ತುಳಿಯುವ ಹೆಂಗಸನ್ನು ಅವರು ಕಂಡಿರಲಿಕ್ಕಿಲ್ಲ. ಒಬ್ಬಳೂ ನಗಲಿಲ್ಲ.

ಹೊಲದ ಕಡೆಗೆ ದಾರಿ ಇಳಿಯುತ್ತದೆ. ಸೈಕಲ್ಲು ವೇಗ ಹಿಡಿಯಿತು. ಮುಂದೆ ಜನ, ಜನರ ಆಚೆ ತೋಡಿದ ಕುಣಿ, ಅಗೆದುಹಾಕಿದ ಕಪ್ಪು ಮಣ್ಣು. ನಿಲ್ಲಿಸುವವನು ಆ ಕುಣಿಯಲ್ಲಿ ಕೂತಿದ್ದ. ತಡಿ, ಎಂದೆ ನನಗೆ ನಾನೇ. ಮೇಲೇಳುವ ಪೆಡಲಿನ ಮೇಲೆ ಇದ್ದಬದ್ದ ಭಾರವನ್ನೆಲ್ಲ ಹಾಕಿದೆ. ಬಿಡು. ತಡಿ. ಬಿಡು. ತಡಿ. ಕಾಲಿನ ನರ ಹರಿದುಹೋಗುವ ಹಾಗೆ ಒತ್ತಿದೆ. ಸೈಕಲ್ಲು ನಿಂತಿತು. ಪೂರ್ತಿ ನಿಂತಿತು. ನೋಡು ಅಣ್ಣ ಎನ್ನಲು ಬಾಯಿ ತೆರೆದೆ, ಅತ್ತೆ.

ಯಾರೋ ಸೈಕಲ್ಲು ಹಿಡಿದು ವಾಲಿಸಿದರು, ಇಳಿದೆ. ಇಳಿದವಳ ಕಾಲು ಮತ್ತೆ ನೆಲ ಕಚ್ಚಿತು. ಕುಣಿ ಎದುರಿಗೇ ಇದೆ, ನಾನು ಇಲ್ಲಿ ಕಂಬವಾಗಿದ್ದೇನೆ. ಎಲ್ಲರೂ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತಿದ್ದರು. ಹೊತ್ತಾಯಿತು ಎಂದು ಆ ಹಿರಿಯರು ಮತ್ತೆ ಅಂದರು. ಆಗ ನನ್ನವರು ಜನರ ನಡುವಿನಿಂದ ಬಂದರು. ಚಪ್ಪಲಿ ಮೊದಲೇ ಇರಲಿಲ್ಲ. ಪಂಚೆಯನ್ನು ಮೇಲೆತ್ತಿ, ತಮ್ಮ ಬರಿಗಾಲನ್ನು ನನ್ನ ಪಾದದ ಮುಂದೆ ಅಡ್ಡ ಇಟ್ಟರು.

'ದಾಟು.'

'ಮಂದಿ ನೋಡಾಕತ್ತಾರ್ರಿ.'

'ನೋಡ್ಲಿ. ನೀ ದಾಟು.'

ದಾಟಿದೆ. ಅವರು ಸುತ್ತಿ ಬಂದು ಮತ್ತೆ ಕಾಲಿಟ್ಟರು. ಮತ್ತೆ ದಾಟಿದೆ. ಊರಿನವರು, ನೆಂಟರು, ಅವರ ಕಂಪನಿಯವರು ಎಲ್ಲರೂ ನೋಡುತ್ತಿದ್ದರು. ಕುಣಿಯ ಅಂಚಿನವರೆಗೆ ಗಂಡನ ಕಾಲು ದಾಟುತ್ತ ಹೋದೆ, ಅಣ್ಣನ ಕಾಲು ದಾಟುವಾಗ ಮಾಡುತ್ತಿದ್ದ ಹಾಗೆಯೇ ಹೆಜ್ಜೆಗೊಮ್ಮೆ ಕೈ ಮುಗಿಯುತ್ತ.

ಅವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಬಲಗೈಯಲ್ಲಿಟ್ಟರು. ಕುಣಿಯ ಮೇಲೆ ಕೈ ಚಾಚಿದೆ. ಮುಷ್ಟಿ ತೆರೆಯಲಿಲ್ಲ. ಬ್ರೇಕಿನ ಹಿಡಿಕೆಯನ್ನು ಹಿಡಿದಿದ್ದ ಹಾಗೆಯೇ ಆ ಮಣ್ಣನ್ನು ಹಿಡಿದಿತ್ತು. ಕೈ ನಡುಗಿ ಬೆರಳ ಸಂದಿಯಿಂದ ಒಂದಿಷ್ಟು ಉದುರಿತು, ಉಳಿದದ್ದು ಒಳಗೇ ಇತ್ತು. ಅದು ರೋಗವೋ, ಇನ್ನೂ ಬಿಡಬೇಡ ಎಂದು ನಾನೇ ಹಿಡಿದಿದ್ದೆನೋ, ಇಂದಿಗೂ ನನಗೆ ಗೊತ್ತಿಲ್ಲ. ನನ್ನವರು ಬೆರಳು ಬಿಡಿಸಲು ಬರಲಿಲ್ಲ, ಮೊಣಕೈಯ ಕೆಳಗೆ ತಮ್ಮ ಕೈಯಿಟ್ಟು ಸುಮ್ಮನೆ ನಿಂತರು. ಭಜನೆಯವರು ತಾಳ ನಿಲ್ಲಿಸಿದರು. ನನ್ನ ಕೈ ತಾನಾಗಿ ತೆರೆಯುವವರೆಗೆ ಅಲ್ಲಿದ್ದವರಲ್ಲಿ ಒಬ್ಬರೂ ಹೊತ್ತಾಯಿತು ಎನ್ನಲಿಲ್ಲ.